ಪರದೆಯ ಮೇಲಿನ ಊರಿಗೆ ಅಪ್ಪ, ಅಳಿಯ ಮತ್ತು ನಾನು

ಘಟಪ್ರಭಾ ಸ್ಟೇಶನ್

ರೈಲು ಇನ್ನೂ ಬಂದಿರಲಿಲ್ಲ, ಅಪ್ಪ ಆಗಲೇ ಜಗಳ ತೆಗೆದ. ಜಗಳ ನಮ್ಮ ಮನೆಯವರ ಮೇಲೆ, ಬೈಗುಳ ಮಾತ್ರ ನನ್ನ ಪಾಲಿಗೆ.

“ನೀಲವ್ವ, ಆ ಮೂರು ಕಾಲಿನ ಕಟಗಿ ನನ್ನ ಬುತ್ತಿ ಗಂಟಿನ ಮ್ಯಾಲ ಇಡಬ್ಯಾಡಂತ ನಿನ್ನ ಗಂಡಗ ಹೇಳು. ಒಳಗ ಖಡಕ್ ರೊಟ್ಟಿ ಅದಾವು, ಪುಡಿ ಆದಾವು.”

ನಮ್ಮವರು ನನ್ನ ಮಗ್ಗುಲಲ್ಲೇ ನಿಂತಿದ್ದರು. ಅಪ್ಪ ಹೇಳಿದ್ದು ಅವರಿಗೂ ಕೇಳಿಸಿತ್ತು, ಪ್ಲಾಟ್‌ಫಾರಂ ಮೇಲಿದ್ದ ಅಷ್ಟೂ ಮಂದಿಗೆ ಕೇಳಿಸಿತ್ತು. ಆದರೂ ನಾನು ಇವರ ಕಡೆ ತಿರುಗಿ, “ಕಟಗಿ ತಗೀಬೇಕಂತ್ರಿ” ಅಂದೆ.

“ಅದು ಕಟಗಿ ಅಲ್ಲ, ಕ್ಯಾಮೆರಾ ನಿಲ್ಲೋ ಕಾಲು ಅಂತ ನಿಮ್ಮಪ್ಪಗ ಹೇಳು.”

ನಾನು ಮತ್ತೆ ಅಪ್ಪನ ಕಡೆ ತಿರುಗಿದೆ. ಹೀಗೆ ತಿರುಗಿ ತಿರುಗಿ ರೈಲು ಹತ್ತುವ ಮೊದಲೇ ನನ್ನ ಕುತ್ತಿಗೆ ಉಳುಕಿತು.

ಈ ವಿಚಿತ್ರ ಯಾಕೆ ಅಂತ ಹೇಳದೆ ಮುಂದೆ ಹೋದರೆ ಓದುವವರು ನನ್ನನ್ನೂ ಬೈದಾರು. ನಾನು ಹುಕ್ಕೇರಿಯ ಬೆಲ್ಲದ ವ್ಯಾಪಾರಿಯ ಒಬ್ಬಳೇ ಮಗಳು. ನಮ್ಮವರು ಮೂಡಲಗಿಯವರು, ಗೋಕಾಕದಲ್ಲಿ ಅವರದೊಂದು ಫೋಟೋ ಅಂಗಡಿ. ಮದುವೆಯ ಮಾತು ನಡೆದಾಗ ಮೂಡಲಗಿಯಿಂದ ವರನ ಫೋಟೋ ಬಂತು. ಕೋಟು ತೊಟ್ಟ ಹುಡುಗ, ಅವನ ಬೆನ್ನ ಹಿಂದೆ ದೊಡ್ಡ ಕೆರೆ, ಕೆರೆಯ ದಂಡೆಗೆ ಎಂಟು ಮೂಲೆಯ ಗೋಪುರ, ಅದರಾಚೆ ಗುಡ್ಡ, ಗುಡ್ಡದ ತಲೆಯ ಮೇಲೆ ಮೋಡ. ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಕ್ಯಾಂಡಿ ಪಟ್ಟಣ, ಸಿಂಹಳದ್ವೀಪ’ ಎಂದು ಬರೆದಿತ್ತು. ಅಪ್ಪ ಆ ಫೋಟೋ ಕಿಸೆಯಲ್ಲಿಟ್ಟುಕೊಂಡು ಹುಕ್ಕೇರಿಯ ಸಂತೆಯನ್ನೆಲ್ಲ ಸುತ್ತಿದ. “ಅಳಿಯ ಸಮುದ್ರ ದಾಟಿ ರಾವಣನ ಊರು ನೋಡಿ ಬಂದಾನ್ರಿ” ಎಂದು ಸಿಕ್ಕವರಿಗೆಲ್ಲ ಹೇಳಿದ. ವರನನ್ನು ಎದುರಿಗೆ ಕೂಡಿಸಿಕೊಂಡು ಅದು ಏನು ಇದು ಏನು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪ ಕೇಳಲಿಲ್ಲ. ಬೀಗರ ಮನೆಯಲ್ಲಿ ಇಂಥದೊಂದು ಡಂಗುರ ನಡೆದಿದೆ ಎಂದು ಗೊತ್ತೇ ಇರದ ಇವರು ಹೇಳಲೂ ಇಲ್ಲ.

ನನ್ನ ಮಗಳ ತೊಟ್ಟಿಲ ಕಾರ್ಯಕ್ಕೆ ಅಪ್ಪ ಗೋಕಾಕಕ್ಕೆ ಬಂದ. ಅಳಿಯನ ಅಂಗಡಿ ನೋಡೋಣವೆಂದು ಹೋದ. ಅಲ್ಲಿ ಕ್ಯಾಂಡಿ ಪಟ್ಟಣ ಎರಡು ಬಿದಿರು ಗಳಗಳ ನಡುವೆ ತೂಗಾಡುತ್ತಿತ್ತು. ಅದರ ಮುಂದೆ ಯಾವುದೋ ಹಳ್ಳಿಯ ಗೌಡರು ಕೈಗಡಿಯಾರ ಕಾಣುವಂತೆ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಅಪ್ಪ ಪರದೆಯ ಹಿಂದೆ ಹೋಗಿ ನೋಡಿದ. ಹಿಂದೆ ಗೋಣಿತಟ್ಟು, ಬಣ್ಣದ ಡಬ್ಬಿ ಮತ್ತು ಮಲಗಿದ್ದ ಒಂದು ಬೆಕ್ಕು. ಹೊರಗೆ ಬಂದವನೇ, “ನಿನ್ನ ಗಂಡಗ ಹೇಳು, ನಾ ಹೊಂಟೆ” ಎಂದ. ಅಂದು ನಿಂತ ಮಾತು. ಮಗಳಿಗೆ ಹಲ್ಲು ಬಂದವು, ಬಿದ್ದವು, ಮತ್ತೆ ಬಂದವು. ಅಪ್ಪನಿಗೆ ಮಾತು ಬರಲಿಲ್ಲ. ಹಬ್ಬಕ್ಕೆ ಬರುತ್ತಾನೆ, ಇವರ ಎದುರಿಗೇ ಕೂತು ಹೋಳಿಗೆ ಉಣ್ಣುತ್ತಾನೆ, ತುಪ್ಪ ಬೇಕಾದರೂ ನನ್ನ ಮೂಲಕವೇ ಕೇಳುತ್ತಾನೆ. ಸಂತೆಯಲ್ಲಿ ಹೋದ ಮಾನದ ಸಿಟ್ಟು ಅದು, ಕೆಳಗಿಳಿಯಲೊಲ್ಲದು.

ನಮ್ಮವರೇ ಒಂದು ದಿನ, “ನಾ ಖರೇನ ಅಲ್ಲಿಗಿ ಹೋಗಿ, ಅಲ್ಲೇ ನಿಂತು ಫೋಟೋ ತಗಿಸ್ಕೊಂಡು ಬರ್ತೀನಂತ ಹೇಳು” ಎಂದರು. ಅಪ್ಪ ನಕ್ಕ. “ಫೋಟೋ ಯಾರಿಗಿ ಬೇಕವ್ವ? ಮನ್ಯಾಗ ಕುಂತು ಇನ್ನೊಂದು ಪರದಿ ಬರೀತಾನ. ನಾನೂ ಬರ್ತೀನಿ. ಆ ಊರು ಐತೋ ಇಲ್ಲೋ, ಅದರ ಹಿಂದ ಏನೈತಿ, ನಾನ ನೋಡ್ತೀನಂತ ಹೇಳು.” ಅಪ್ಪ ಹೊರಟ ಮೇಲೆ ಇಬ್ಬರ ನಡುವೆ ಮಾತು ದಾಟಿಸಲು ನಾನು ಬೇಡವೇ? ಅತ್ತೆ ಮಗಳನ್ನು ನೋಡಿಕೊಳ್ಳುತ್ತೇನೆಂದರು. ಹುಕ್ಕೇರಿಯಲ್ಲಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಭೂಗೋಳದ ಪುಸ್ತಕದಲ್ಲಷ್ಟೇ ಸಮುದ್ರ ಕಂಡಿದ್ದ ನನಗೆ ಪರದೇಶದ ಯೋಗ ಬಂದದ್ದು ಹೀಗೆ. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದೆ. ಕುಣಿದು ಮುಗಿದ ಮೇಲೆ ದೇವರಿಗೆ ಒಂದೇ ಒಂದು ಬೇಡಿಕೊಂಡೆ: ಹೋಗಿ ಬರುವಷ್ಟರಲ್ಲಿ ಅಪ್ಪ ಇವರ ಮುಖ ನೋಡಿ ಒಂದು ಮಾತಾಡಲಿ. ಬೈದರೂ ಆದೀತು, ಮಾತು ನನ್ನ ಮೇಲಿಂದ ಹಾಯ್ದು ಹೋಗದಿದ್ದರೆ ಸಾಕು.

ಧನುಷ್ಕೋಟಿ ಮತ್ತು ಜಹಜು

ರೈಲಿನಲ್ಲಿ ಕೂತು ಕೂತು ಮೈಯೆಲ್ಲ ಹಲಗೆಯಾದ ಮೇಲೆ ಧನುಷ್ಕೋಟಿ ಬಂತು. ಅಲ್ಲಿ ಸಮುದ್ರ ಕಂಡೆ. ನಮ್ಮ ಗೋಕಾಕದ ಜಲಪಾತ ಮಳೆಗಾಲದಲ್ಲಿ ಮಾಡುವ ಆರ್ಭಟಕ್ಕೆ ಹೋಲಿಸಿದರೆ ಈ ಸಮುದ್ರ ಬಹಳ ಮೆತ್ತಗೆ ಮಾತಾಡುತ್ತದೆ. ಆದರೆ ಮುಗಿಯುವುದೇ ಇಲ್ಲ. ನಾನು ಸೀರೆಯ ನಿರಿಗೆ ಎತ್ತಿಕೊಂಡು ನೀರಿಗಿಳಿದು, ಅಲೆ ಬಂದಾಗ ಕೂಗಿ, ಹೋದಾಗ ಮತ್ತೆ ಕೂಗಿದೆ. ಅಪ್ಪ ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡು ಉಗುಳಿದ.

“ಇಷ್ಟು ನೀರು ಕೊಟ್ಟು ಇದಕ್ಯಾಕ ಉಪ್ಪು ಹಾಕಿದ ಶಿವ? ಕಬ್ಬಿಗಿ ಬಿಡಾಕ ಬರಂಗಿಲ್ಲ.”

ಜಹಜು ಹತ್ತಿದ ಸ್ವಲ್ಪ ಹೊತ್ತಿಗೆ ನಮ್ಮವರ ಮುಖ ಹಸಿ ಹುಣಸೆಕಾಯಿಯ ಬಣ್ಣಕ್ಕೆ ತಿರುಗಿತು. ಕಟಕಟೆ ಹಿಡಿದು ಬಗ್ಗಿ ನಿಂತರು. ಅಪ್ಪ ಆ ಕಡೆ ಮುಖ ಮಾಡಿ, ದೂರದ ನೀರನ್ನೇ ನೋಡುತ್ತಾ, ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟ. “ಮೂಸಾಕ ಹೇಳು.” ಮೂಸಿದರು. “ಆರಾಮ ಆತೇನು, ಕೇಳು.” ಕೇಳಿದೆ. “ಇಲ್ಲಂತ.” “ಹಂಗಾರ ನೆಕ್ಕಾಕ ಹೇಳು.” ಈ ವಿಚಾರಣೆ ಲಂಕೆಯ ದಂಡೆ ಕಾಣುವವರೆಗೂ ನಡೆಯಿತು. ಅಲ್ಲಿದ್ದ ತಮಿಳು ಹೆಂಗಸೊಬ್ಬಳು ನನ್ನನ್ನು ದುಭಾಷಿ ಎಂದೇ ತಿಳಿದಳು. ಇವರಿಬ್ಬರ ಭಾಷೆಯೂ ಒಂದೇ ಎಂದು ಹೇಳಲು ನನಗೆ ತಮಿಳು ಬರುತ್ತಿರಲಿಲ್ಲ.

ಆಚೆ ದಂಡೆಯಲ್ಲಿ ನಿಜವಾದ ಗಂಡಾಂತರ ಕಾದಿತ್ತು. ಸಾಮಾನು ನೋಡುವ ಒಬ್ಬ ಸಿಪಾಯಿ ನಮ್ಮವರ ಪೆಟ್ಟಿಗೆಯ ಮೇಲೆ ಬೆರಳಿಟ್ಟು ತೆಗೆ ಎಂದು ಸನ್ನೆ ಮಾಡಿದ. ಅದರಲ್ಲಿ ಇದ್ದದ್ದು ಫೋಟೋ ಹಿಡಿಯುವ ಗಾಜಿನ ಪ್ಲೇಟುಗಳು. ಅವಕ್ಕೆ ಒಂದು ಸಲ ಬೆಳಕು ತಾಗಿದರೆ ಮುಗಿಯಿತು, ಅಲ್ಲಿಯ ತನಕ ಬಂದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇವರು ಕೈ ಮುಗಿದರು, ಇಂಗ್ಲಿಷಿನಲ್ಲಿ ಬೇಡಿಕೊಂಡರು, ಬೆಳಕು ಬೇಡ ಎಂದು ಸೂರ್ಯನನ್ನು ತೋರಿಸಿದರು. ಸಿಪಾಯಿ ಕೊಂಡಿಗೆ ಕೈ ಹಾಕಿದ. ಅಷ್ಟರಲ್ಲಿ ಅಪ್ಪ ನಡೆದುಕೊಂಡು ಬಂದು, ರುಮಾಲು ಸರಿಮಾಡಿಕೊಂಡು, ಆ ಪೆಟ್ಟಿಗೆಯ ಮೇಲೆ ಧೊಪ್ಪನೆ ಕೂತುಬಿಟ್ಟ.

“ಈಗ ತಗಿ ನೋಡೋಣು” ಎಂದ ಅಚ್ಚ ಹುಕ್ಕೇರಿ ಕನ್ನಡದಲ್ಲಿ. “ಮದಲ ನನ್ನ ಎತ್ತಬೇಕು, ಆಮ್ಯಾಲ ಪೆಟಗಿ.”

ಬೆಲ್ಲದ ಪೆಂಟೆಗಳ ನಡುವೆ ಬೆಳೆದ ದೇಹ ಅದು. ಸಿಪಾಯಿ ಒಮ್ಮೆ ನೋಡಿದ, ಹಿಂದೆ ನಿಂತಿದ್ದ ಸಾಲನ್ನು ನೋಡಿದ, ಸೀಮೆಸುಣ್ಣದಿಂದ ಪೆಟ್ಟಿಗೆಯ ಮೇಲೊಂದು ಗೀಟು ಎಳೆದು ಕಳಿಸಿಬಿಟ್ಟ. ಗೀಟಿನ ಅರ್ಧ ಅಪ್ಪನ ಧೋತರದ ಮೇಲೆ ಬಿತ್ತು. ನಮ್ಮವರ ಕಣ್ಣು ತುಂಬಿದ್ದವು. ಅಪ್ಪ ಮಾತ್ರ ಎದ್ದು ಧೂಳು ಕೊಡವಿಕೊಂಡು, “ಪೆಟಗಿ ಸಲುವಾಗಿ ಕುಂತೇನಿ, ಅವನ ಸಲುವಾಗಿ ಅಲ್ಲಂತ ಹೇಳು” ಎಂದ.

ಕ್ಯಾಂಡಿ, ಮೊದಲ ನೋಟ

ಕ್ಯಾಂಡಿಗೆ ಹೋಗುವ ರೈಲು ಗುಡ್ಡ ಹತ್ತುವಾಗ ದಮ್ಮು ಹತ್ತಿದ ಮುದುಕನಂತೆ ಏದುತ್ತದೆ. ಕಿಟಕಿಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಸಿರು ಪಾತಾಳ. ನಾನು ಆ ಕಡೆ ಓಡಿ ಈ ಕಡೆ ಓಡಿ ಕೂತವರ ಕಾಲು ತುಳಿದು ಬೈಸಿಕೊಂಡೆ. ತಮಿಳು ವ್ಯಾಪಾರಿಯೊಬ್ಬರ ಛತ್ರದಲ್ಲಿ ಗಂಟು ಇಳಿಸಿದ್ದೇ ತಡ, ಕೆರೆ ನೋಡಲು ಹೊರಟೆವು. ನಮ್ಮವರು ಮುಂದೆ, ಅವರ ಹಿಂದೆ ನಾನು, ನನ್ನ ಹಿಂದೆ ಕೋರ್ಟಿಗೆ ಹೊರಟ ಫಿರ್ಯಾದಿಯಂತೆ ಅಪ್ಪ.

ಕೆರೆ ಇತ್ತು. ಗೋಪುರ ಇತ್ತು. ಗುಡ್ಡ, ಗುಡ್ಡದ ತಲೆಯ ಮೇಲೆ ಮೋಡ, ಎಲ್ಲ ಇತ್ತು! ಪರದೆಯಲ್ಲಿ ಇಲ್ಲದ್ದು ಇನ್ನೂ ಎಷ್ಟೋ ಇತ್ತು. ಕೆರೆಯ ಅಂಚಿಗೆ ಸುಣ್ಣದ ಬಿಳಿ ಗೋಡೆ, ಗೋಡೆಯ ತಲೆ ಮೋಡದಂತೆ ಏರಿಳಿಯುತ್ತಾ ಹೋಗುತ್ತದೆ. ಅದರ ತುಂಬ ಹಣತೆ ಇಡಲು ಮೂರು ಮೂಲೆಯ ಸಣ್ಣ ಗೂಡುಗಳು. ಮನೆಗಳ ಮಾಡು ನಮ್ಮೂರ ಹಾಗೆ ಮಾಳಿಗೆಯಲ್ಲ, ಟೋಪಿ ಹಾಕಿ ಮೇಲೊಂದು ಟೋಪಿ ಇಟ್ಟಂತೆ ಇಳಿಜಾರು. ನೀರಿನಲ್ಲಿ ಆಮೆಗಳು ತಲೆಯೆತ್ತಿ ನಮ್ಮನ್ನು ನೋಡಿ ಮುಳುಗಿದವು. ನನಗೆ ಕೈ ಚಪ್ಪಾಳೆ ತಟ್ಟದೆ ಇರಲಾಗಲಿಲ್ಲ. “ನೋಡ ಯಪ್ಪಾ, ಊರು ಐತಿ!” ಎಂದೆ.

ನಮ್ಮವರು ಮಾತ್ರ ಕಂಬದಂತೆ ನಿಂತಿದ್ದರು. “ಎಡಗಡೆ ಐತಿ” ಎಂದರು ಮೆಲ್ಲಗೆ. “ಗೋಪುರ ಎಡಗಡೆ ಐತಿ.”

ಪರದೆಯಲ್ಲಿ ಗೋಪುರ ಬಲಕ್ಕೆ, ಕೆರೆಯ ನಡುಗಡ್ಡೆ ಎಡಕ್ಕೆ. ಇಲ್ಲಿ ಗೋಪುರ ಎಡಕ್ಕೆ, ನಡುಗಡ್ಡೆ ಬಲಕ್ಕೆ. ಗುಟ್ಟು ಆಮೇಲೆ ತಿಳಿಯಿತು. ಊರು ಬಿಟ್ಟು ಹೊರಟ ಯಾರೋ ಸಾಹೇಬರ ಸಾಮಾನಿನಲ್ಲಿ ಇವರಿಗೊಂದು ಗಾಜಿನ ಚಿತ್ರ ಸಿಕ್ಕಿತ್ತು. ಅದರ ಹಿಂದೆ ದೀಪ ಇಟ್ಟು, ಬಟ್ಟೆಯ ಮೇಲೆ ನೆರಳು ಬೀಳಿಸಿ, ಆ ಗೆರೆಯ ಮೇಲೆ ಬಣ್ಣ ತುಂಬಿದ್ದರು. ಗಾಜನ್ನು ಹಿಂದುಮುಂದಾಗಿ ಇಟ್ಟಿದ್ದರು. ಹೀಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಗೌಡರು, ಕುಲಕರ್ಣಿಗಳು, ಮದುಮಕ್ಕಳು ಎಲ್ಲರೂ ತಿರುವುಮುರುವಾದ ಕ್ಯಾಂಡಿಯ ಮುಂದೆ ಗಂಭೀರವಾಗಿ ನಿಂತು ಫೋಟೋ ತೆಗೆಸಿಕೊಂಡಿದ್ದರು.

ಅಪ್ಪನಿಗೆ ಹಬ್ಬವೋ ಹಬ್ಬ. “ಕಟ್ಟಿದ ರಾಜ ತಪ್ಪು ಕಟ್ಟ್ಯಾನೋ, ಬರೆದಾಂವ ತಪ್ಪು ಬರದಾನೋ, ಕೇಳವ್ವ.”

ನಮ್ಮವರಿಗೂ ಸಿಟ್ಟು ಬಂತು. “ರಾಜಂದ ತಪ್ಪಂತ ಹೇಳು” ಎಂದವರೇ ಕ್ಯಾಮೆರಾ ನಿಲ್ಲಿಸಿ ಕರಿ ಬಟ್ಟೆಯೊಳಗೆ ತಲೆ ತೂರಿಸಿದರು. ಒಳಗಿಂದಲೇ ಕೂಗಿದರು: “ಇಲ್ಲಿ ಬಂದು ನೋಡಾಕ ಹೇಳು, ಗೋಪುರ ಬಲಕ್ಕ ಐತಿ!” ಅಪ್ಪ ಹೋಗಿ ಬಟ್ಟೆಯೊಳಗೆ ರುಮಾಲು ಸಮೇತ ಹೊಕ್ಕ. ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ಎಲ್ಲವೂ ಎಡಬಲ ಅಷ್ಟೇ ಅಲ್ಲ, ತಲೆಕೆಳಗೂ ಕಾಣುತ್ತದೆ ಎಂಬುದು ಫೋಟೋದವರಿಗೆ ಗೊತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಗುಡ್ಡ ಕೆಳಗೆ, ಕೆರೆ ಮೇಲೆ, ಆಕಾಶದ ನೀರಿನಲ್ಲಿ ಜನ ಕಾಲು ಮೇಲಾಗಿ ನಡೆಯುತ್ತಿದ್ದಾರೆ. ಅಪ್ಪ ಬಟ್ಟೆಯಿಂದ ಹೊರಬಂದು ಸುತ್ತಲ ಊರನ್ನೊಮ್ಮೆ ನೋಡಿದ, ಮತ್ತೆ ಹೊಕ್ಕ, ಮತ್ತೆ ಹೊರಬಂದ.

“ಪರದಿ ಮ್ಯಾಲ ಬರೇ ತಿರುವಿದ್ದ” ಎಂದ. “ಇಲ್ಲಿ ಊರ್ನ ಮಗಚಿ ಹಾಕ್ಯಾನ.”

ಹಲ್ಲಿನ ಗುಡಿ

ಗೋಪುರದ ಹಿಂದಿನ ದೊಡ್ಡ ಗುಡಿಯಲ್ಲಿ ಬುದ್ಧನ ಹಲ್ಲನ್ನು ಇಟ್ಟು ಪೂಜಿಸುತ್ತಾರೆ. “ಹಲ್ಲಿಗಿ ಇಷ್ಟು ದೊಡ್ಡ ಗುಡಿ ಆದ್ರ, ಇಡೀ ಮನಿಷ್ಯಾಗ ಎಷ್ಟು ದೊಡ್ಡದು ಕಟ್ಟಬೇಕಿತ್ತು” ಎಂದು ಅಪ್ಪ ಲೆಕ್ಕ ಹಾಕಿದ. ಆದರೆ ಒಳಗೆ ಹೋದ ಮೇಲೆ ಅಪ್ಪನ ದನಿ ತಾನಾಗಿ ಇಳಿಯಿತು. ಬಿಳಿ ಬಟ್ಟೆ ಉಟ್ಟ ಮಂದಿ, ಸದ್ದಿಲ್ಲದ ಬರಿಗಾಲು, ಕೈಯಲ್ಲಿ ಹೂವಿನ ತಟ್ಟೆ. ನಮ್ಮ ಕಡೆ ಗುಡಿ ಎಂದರೆ ಗಂಟೆ, ಗದ್ದಲ. ಇಲ್ಲಿ ಡೋಲು ನಿಂತ ಮೇಲೆ ಹೂವು ಇಡುವ ಸಪ್ಪಳ ಕೂಡ ಕೇಳಿಸುತ್ತದೆ.

ಎಡವಟ್ಟು ಮಾಡುವ ಸರದಿ ಮೊದಲು ನನ್ನದು. ಗುಡಿಯ ಹೊರಗೆ ಹೂ ಮಾರುವ ಹೆಂಗಸಿನಿಂದ ಬಿಳಿಯ ಹೂ ಕೊಂಡೆ. ಎಂಥಾ ಹೂ! ನಮ್ಮಲ್ಲಿ ಗೋರಿಯ ಹತ್ತಿರ ಬೆಳೆಯುವ ದೇವಗಣಗಿಲೆಯೇ, ಆದರೆ ಘಮ ನೂರು ಪಾಲು. ಖುಷಿಯಲ್ಲಿ ಅಲ್ಲೇ ನಿಂತು ಅಷ್ಟನ್ನೂ ತುರುಬಿಗೆ ಸಿಕ್ಕಿಸಿಕೊಂಡೆ. ಆಕೆ ಬಾಯಿ ತೆರೆದು ನೋಡಿದಳು. ಅವೆಲ್ಲ ದೇವರಿಗೆ ಇಡುವ ಹೂವಂತೆ, ಅಲ್ಲಿ ಯಾರೂ ಮುಡಿಯುವುದಿಲ್ಲವಂತೆ. “ಅಕ್ಕಾ” ಎಂದಳು. ನಮ್ಮ ಅಕ್ಕನೇ ಅವರಿಗೂ ಅಕ್ಕ. ಅಕ್ಕಾ ಎಂದವಳೇ ನನ್ನ ತುರುಬಿನಿಂದ ಒಂದೊಂದೇ ಹೂ ಬಿಡಿಸಿ ತೆಗೆದು, ತಲೆಯಲ್ಲಾಡಿಸಿ, ಬೇರೆ ಹೊಸ ಹೂ ಕೈಗೆ ಕೊಟ್ಟಳು. ನಾವಿಬ್ಬರೂ ನಕ್ಕೆವು. ನನಗೆ ಒಳಗೊಳಗೆ ನಾಚಿಕೆಯೂ ಆಯಿತು.

ಎರಡನೆಯ ಎಡವಟ್ಟು ಗಂಡಸರದು. ನಮ್ಮೂರಲ್ಲಿ ಫೋಟೋ ಎಂದರೆ ಮನುಷ್ಯ ಮುಂದೆ, ಉಳಿದದ್ದೆಲ್ಲ ಅವನ ಬೆನ್ನ ಹಿಂದೆ. ಮನುಷ್ಯನಿಲ್ಲದ ಫೋಟೋ ತೋರಿಸಿದರೆ “ಇದು ಯಾರದು?” ಎಂದು ಕೇಳುತ್ತಾರೆ. ಹಾಗಾಗಿ ಅಂಗಳದಲ್ಲಿ ನಮ್ಮವರು ನನ್ನ ಮೂಲಕ ಹೇಳಿಸಿ ಅಪ್ಪನನ್ನು ಗರ್ಭಗುಡಿಯ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದರು. ಬಿಳಿ ಗಡ್ಡದ ಹಿರಿಯರೊಬ್ಬರು ಬಂದು, ಬೈಯದೆ, ಕೂಗದೆ, ಅಪ್ಪನ ಎರಡೂ ಹೆಗಲು ಹಿಡಿದು ದೇವರ ಕಡೆಗೆ ತಿರುಗಿಸಿದರು. ಬುದ್ಧನಿಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಅಲ್ಲಿ ದೊಡ್ಡ ಅಪಚಾರ. ಅಪ್ಪ ಆ ಮಗ್ಗುಲಲ್ಲಿ ತನ್ನ ಮುಖ ಚೆಂದ ಕಾಣುತ್ತದೆ ಎಂದು ತಿಳಿದು ಹಾಗೇ ಎದೆಯುಬ್ಬಿಸಿ ನಿಂತ. ಇವರು ಗಾಬರಿಯಲ್ಲಿ ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದೇಬಿಟ್ಟರು, ಫೋಟೋ ಬಿದ್ದೇಬಿಟ್ಟಿತು. ಆ ಪ್ಲೇಟು ಈಗಲೂ ನಮ್ಮಲ್ಲಿದೆ. ಬಾಗಿಲಿನ ದಂತದ ಕೆತ್ತನೆ, ಮರದ ಕಂಬಗಳ ಸೂಕ್ಷ್ಮ ಹೂಬಳ್ಳಿ, ನಡುವೆ ಹುಕ್ಕೇರಿಯ ರುಮಾಲಿನ ಹಿಂಭಾಗ.

ಅಪ್ಪ ವಿಷಯ ತಿಳಿದ ಮೇಲೆ ಬೇಜಾರು ಮಾಡಿಕೊಂಡ. ಸಂಜೆ ಕೆರೆಯ ಮೆಟ್ಟಿಲ ಮೇಲೆ ಕೂತು, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವಾಗ ಆ ಹಿರಿಯರೇ ಆ ದಾರಿಯಲ್ಲಿ ಬಂದರು. ನಿಂತರು. ಪೂಜೆ ಮುಗಿಯುವ ತನಕ ಅಪ್ಪನ ಬೆನ್ನ ಹಿಂದೆ ಹೋಗದೆ, ಎದುರಿಗೆ ಬರದೆ, ಬದಿಯಲ್ಲಿ ಕಾದು, ಕೈಯಲ್ಲಿದ್ದ ಒಂದು ಹೂ ಕೊಟ್ಟು ಹೋದರು. “ಭಾಳ ತಿಳಿದ ಮಂದಿ” ಎಂದ ಅಪ್ಪ. ಆಮೇಲೆ ತಡೆದು, “ನಿನ್ನ ಗಂಡಗೂ ಹೇಳು” ಎಂದ.

ಅಲಗಾಡದ ಗಿರಾಕಿ

ನಮ್ಮವರು ಅಲ್ಲಿಯ ತನಕ ಮನುಷ್ಯರದಷ್ಟೇ ಫೋಟೋ ತೆಗೆದವರು. ಮೊದಲ ಬೆಳಗ್ಗೆ ಎಂಟು ಮೂಲೆಯ ಗೋಪುರದ ಮುಂದೆ ಕ್ಯಾಮೆರಾ ನಿಲ್ಲಿಸಿ, ರೂಢಿಯ ಪ್ರಕಾರ ಗೋಪುರಕ್ಕೇ ಹೇಳಿದರು: “ಹಾಂ, ಹಂಗ ಇರ್ರಿ. ಅಲಗಾಡಬ್ಯಾಡ್ರಿ.” ನಾನು ಬಿದ್ದು ಬಿದ್ದು ನಕ್ಕೆ. ಅವರಿಗೂ ನಗು ಬಂತು. “ಏ, ಇಂಥಾ ಗಿರಾಕಿ ಜನ್ಮದಾಗ ಸಿಕ್ಕಿಲ್ಲ. ಕಣ್ಣು ಮುಚ್ಚಂಗಿಲ್ಲ, ಸೀನಂಗಿಲ್ಲ, ಬೆಳ್ಳಗ ಮಾಡ್ರಿ ಅನ್ನಂಗಿಲ್ಲ!”

ಆಮೇಲೆ ಅವರಿಗೆ ಹುಚ್ಚೇ ಹಿಡಿಯಿತು. ಕಂದಕದ ಕಲ್ಲಿನ ಗೋಡೆ, ಕಾಲಿಟ್ಟು ಸವೆದ ಅರ್ಧಚಂದ್ರದ ಮೆಟ್ಟಿಲು, ಬಿಸಿಲು ಬಿದ್ದಾಗ ಚಿನ್ನದ ಹಾಗೆ ಕಾಣುವ ಮಾಡು, ಗುಡಿಯ ಹಿಂದಿನ ಗುಡ್ಡದಿಂದ ನೆಲಕ್ಕಿಳಿಯುವ ಮಂಜು. ಒಂದು ದಿನ ಮರದ ತುಂಬ ಕಪ್ಪು ಕಾಯಿ ಜೋತಾಡುತ್ತಿವೆ ಎಂದು ಕ್ಯಾಮೆರಾ ಹೂಡಿದರು. ಮುಚ್ಚಳ ತೆಗೆದ ಕೂಡಲೇ ಆ ಕಾಯಿಗಳೆಲ್ಲ ರೆಕ್ಕೆ ಬಿಚ್ಚಿ ಹಾರಿಹೋದವು. ಆಳೆತ್ತರದ ರೆಕ್ಕೆಯೇನೋ ಅನ್ನಿಸುವ ಬಾವಲಿಗಳು! ನಾನು ಕಿರುಚಿ ಅಪ್ಪನ ಧೋತರದ ಹಿಂದೆ ಅಡಗಿದೆ. ಇನ್ನೊಂದು ದಿನ ಮಳೆ. ಅಲ್ಲಿಯ ಮಳೆ ನಮ್ಮ ಮಳೆಯಂತೆ ಕಾಯಿಸಿ ಬೇಡಿಸಿ ಬರುವುದಿಲ್ಲ, ಊಟ ಆದ ಕೂಡಲೇ ಎಲೆ ಅಡಿಕೆಗೆ ಬಂದ ನೆರೆಯವರ ಹಾಗೆ ದಿನಾ ಬರುತ್ತದೆ. ಊಟದ ಮಾತು ಬಂತು, ಅಲ್ಲಿ ತೆಂಗಿನ ಚಟ್ನಿಯಲ್ಲೂ ಒಣಮೀನಿನ ಪುಡಿ ಉದುರಿಸುತ್ತಾರೆ. ಛತ್ರ ನೋಡಿಕೊಳ್ಳುವ ಅಜ್ಜಿ ಸಮಯಕ್ಕೆ ಕೈ ಹಿಡಿಯದಿದ್ದರೆ ಅಪ್ಪನ ಜಾತಿ ಅಲ್ಲೇ ಕೆಟ್ಟಿರುತ್ತಿತ್ತು. ಉಳಿದ ದಿನವೆಲ್ಲ ಅನ್ನ, ಬೇಳೆ, ನಮ್ಮ ರೊಟ್ಟಿಯ ಚೂರು ಮತ್ತು ಶೇಂಗಾ ಚಟ್ನಿ.

ಒಂದು ವಿಷಯ ನಾನು ಗಮನಿಸಿದ್ದೆ. ನಮ್ಮವರು ಕರಿ ಬಟ್ಟೆಯೊಳಗೆ ಹೊಕ್ಕಾಗಲೆಲ್ಲ ಅಪ್ಪ ಸದ್ದಿಲ್ಲದೆ ಪಕ್ಕಕ್ಕೆ ಬಂದು ಕೊಡೆ ಹಿಡಿಯುತ್ತಿದ್ದ. ಅವರು ತಲೆ ಹೊರಗೆ ತೆಗೆಯುವಷ್ಟರಲ್ಲಿ ಮಡಚಿ ದೂರ ಹೋಗಿ ನಿಲ್ಲುತ್ತಿದ್ದ. ಹೇಳಬಾರದೆಂದು ನನಗೆ ಕಣ್ಣಿನಲ್ಲೇ ಗದರಿಸುತ್ತಿದ್ದ. ಕೈಯ ತನಕ ಬಂದ ಪ್ರೀತಿ ಬಾಯಿಗೆ ಮಾತ್ರ ಬರಲೊಲ್ಲದು. ನಾಳೆ ಹೊರಡಬೇಕು ಎನ್ನುವ ದಿನ ಬಂದಾಗ ನನಗೆ ಅಳುವೇ ಬಂತು.

ಕೆರೆಯ ಎರಡು ದಂಡೆ

ಕೊನೆಯ ಮಧ್ಯಾಹ್ನ ಅಪ್ಪ ತನ್ನ ತೀರ್ಪು ಹೇಳಿದ. “ಊರು ಖರೇ ಐತಿ, ಒಪ್ಪಿದೆ. ಆದ್ರ ನಾ ಬಂದಿದ್ದು ಸಂತ್ಯಾಗ ಯಾರು ನಂಬ್ತಾರ? ಇದರ ಮುಂದ ನಿಂತ್ರ ಮತ್ತ ಪರದಿ ಅಂತಾರ. ನಾ ಆ ದಂಡಿಗಿ ಹೋಗಿ ಗೋಪುರದ ಬುಡಕ ನಿಂದರ್ತೀನಿ. ನಡುವ ನೀರು, ಆ ಕಡೆ ನಾ. ಪರದಿಯಾಗ ಹ್ಯಾಂಗ ಹೊಕ್ಕ ಅಂತ ಕೇಳ್ಲಿ ನೋಡೋಣು!”

ನಮ್ಮವರಿಗೆ ಈ ಉಪಾಯ ಬಹಳ ಹಿಡಿಸಿತು. ನಾನು ಮತ್ತು ಅವರು ಕ್ಯಾಮೆರಾದೊಂದಿಗೆ ಈ ದಂಡೆಯಲ್ಲಿ ಉಳಿದೆವು. ಅಪ್ಪ ಕೆರೆಯ ಏರಿಯ ಮೇಲೆ ಸುತ್ತು ಹಾಕಿ ಆ ದಂಡೆಗೆ ಹೋದ. ಬಿಳಿ ಗೋಡೆಯ ಮುಂದೆ ಅಕ್ಕಿಕಾಳಿನಷ್ಟು ಕಾಣುತ್ತಿದ್ದ. ಇವರು ಕರಿ ಬಟ್ಟೆ ಬೀಸಿದಾಗ ಅಲುಗದೆ ನಿಲ್ಲಬೇಕು ಎಂದು ಮಾತಾಗಿತ್ತು. ಇವರು ಗಾಜು ನೋಡಿ, “ಗೋಪುರ ರುಮಾಲಿನ ಮ್ಯಾಲ ಹತ್ತಿ ಕುಂತಂಗ ಕಾಣ್ತೈತಿ. ಒಂಚೂರು ಬಲಕ್ಕ ಸರಿಯಾಕ ಹೇಳಿ ಬಾ” ಎಂದರು.

ನಾನು ಏರಿಯ ಮೇಲೆ ಓಡಿ, ಸುತ್ತಿ, ಹೇಳಿದೆ. “ನನ್ನ ಬಲಕ್ಕೋ, ಅವನ ಬಲಕ್ಕೋ, ಕೇಳಿ ಬಾ” ಎಂದ ಅಪ್ಪ. ಓಡಿ ಬಂದೆ. “ಅವರ ಎಡಕ್ಕ” ಎಂದರು ಇವರು. ಓಡಿ ಹೋದೆ. “ಅಲ್ಲಿ ಕೆಸರೈತಿ, ಆಗಂಗಿಲ್ಲಂತ ಹೇಳು.” ಓಡಿ ಬಂದೆ. “ಹಂಗಾರ ಗ್ವಾಡಿ ಮ್ಯಾಲ ಕುಂದರಾಕ ಹೇಳು.” ಗುಡ್ಡದ ಹಿಂದೆ ಮೋಡ ಕಪ್ಪಾಗುತ್ತಿತ್ತು. ಏರಿಯ ನಟ್ಟನಡುವೆ ನನಗೆ ಪಕ್ಕೆ ಹಿಡಿಯಿತು, ಉಸಿರು ನಿಂತಂತಾಯಿತು, ಜೊತೆಗೆ ಇಷ್ಟು ವರ್ಷದ ಸಿಟ್ಟೂ ಒಮ್ಮೆಲೇ ಬಂತು. ಅಲ್ಲೇ ಗೋಡೆಯ ಮೇಲೆ ಕೂತುಬಿಟ್ಟೆ. ಸೆರಗಿನ ಗಂಟು ಬಿಚ್ಚಿ ರೊಟ್ಟಿಯ ಚೂರು ತೆಗೆದು ತಿನ್ನತೊಡಗಿದೆ.

“ನೀಲವ್ವಾ!” ಎಂದ ಅಪ್ಪ ಆ ದಂಡೆಯಿಂದ. “ನೀಲಾ!” ಎಂದರು ಇವರು ಈ ದಂಡೆಯಿಂದ.

“ನಾ ಬರಂಗಿಲ್ಲ!” ಎಂದು ಎರಡೂ ಕಡೆಗೆ ಕೂಗಿದೆ. “ನನ್ನ ಕಾಲು ಮುಗದಾವು! ಮಾತಾಡೋದಿದ್ರ ನೀವು ನೀವ ಮಾತಾಡ್ರಿ! ಇಲ್ಲಂದ್ರ ಹಿಂಗ ನಿಂದರ್ರಿ, ಮಳಿ ಬರಲಿ!”

ಹೂ ಮಾರುವ ಹೆಂಗಸು ಖಾಲಿ ಬುಟ್ಟಿ ಹೊತ್ತು ಮನೆಗೆ ಹೊರಟಿದ್ದಳು. ನನ್ನನ್ನು ಕಂಡು ಪಕ್ಕದಲ್ಲಿ ಕೂತಳು. ಏನು ಎಂದು ಕಣ್ಣಿನಲ್ಲೇ ಕೇಳಿದಳು. ನಾನು ಆ ದಂಡೆ ತೋರಿಸಿದೆ, ಈ ದಂಡೆ ತೋರಿಸಿದೆ, ಬಾಯಿಗೆ ಬೀಗ ಹಾಕಿದಂತೆ ಮಾಡಿದೆ, ನನ್ನ ಕಾಲು ಒತ್ತಿ ತೋರಿಸಿದೆ. ಆಕೆಗೆ ಎಲ್ಲ ತಿಳಿಯಿತು. ಅವರ ಮನೆಯಲ್ಲೂ ಇಂಥವರು ಇದ್ದಾರೋ ಏನೋ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೂ ಒಂದು ಚೂರು ರೊಟ್ಟಿ ಕೊಟ್ಟೆ. ಇಬ್ಬರೂ ಕಟುಂ ಕಟುಂ ತಿನ್ನುತ್ತಾ ಕಾದೆವು.

ಆ ದಂಡೆಯ ಅಕ್ಕಿಕಾಳು ಗೋಡೆಯ ಉದ್ದಕ್ಕೆ ಹೋಯಿತು, ಬಂತು. ನಿಂತಿತು. ರುಮಾಲು ತೆಗೆದು ಮತ್ತೆ ಇಟ್ಟುಕೊಂಡಿತು. ಮೋಡ ಗುಡ್ಡದಿಂದ ಇಳಿಯತೊಡಗಿತ್ತು. ಈಗ ಆಗದಿದ್ದರೆ ಇನ್ನು ಸಾಯುವ ತನಕ ಇಲ್ಲ ಎಂದುಕೊಂಡೆ. ಆಗ ಸಂತೆಯಲ್ಲಿ ಬೆಲ್ಲದ ಸವಾಲು ಕೂಗಿ ಕೂಗಿ ಪಳಗಿದ ಆ ಗಂಟಲು ಕ್ಯಾಂಡಿಯ ಕೆರೆಯ ಮೇಲೆ ಒಡೆಯಿತು.

“ಅಳಿಯಂದ್ರಽ! ನಾ ಎಲ್ಲಿ ನಿಂದರ್ಲಿರೀ?”

ನಮ್ಮವರ ಕೈಯಿಂದ ಕರಿ ಬಟ್ಟೆ ಜಾರಿ ಬಿತ್ತು. ಆಮೇಲೆ ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು.

“ಇದ್ದಲ್ಲೇ ನಿಂದರ್ರಿ ಮಾವಾರಽ! ಭಾಳ ಛಲೋ ಐತಿ!”

“ಗೋಪುರ ತಲಿ ಮ್ಯಾಲ ಕುಂತೈತಂದ್ರಲ್ಲ?”

“ಕುಂದರ್ಲಿ ಬಿಡ್ರೀ!”

“ಸಮುದ್ರದಾಗ ಭಾಳ ತ್ರಾಸಾತೇನ್ರೀ?”

“ನಿಂಬಿಹಣ್ಣಿಂದ ಬದುಕಿದೇನ್ರೀ!”

“ನನ್ನ ಮಮ್ಮಗಳು ಸಾಲ್ಯಾಗ ಛಲೋ ಓದ್ತಾಳೇನ್ರೀ?” ಇದನ್ನು ನನ್ನಿಂದ ನೂರು ಸಲ ಕೇಳಿ ತಿಳಿದಿದ್ದ. ಆದರೂ ಕೇಳಿದ. ಇವರು ಉತ್ತರ ಹೇಳಿದರು. ಮಳೆಯ ಮೊದಲ ಹನಿಗಳು ನೀರಿನ ಮೇಲೆ ಬಿದ್ದವು, ಯಾರಿಗೂ ಖಬರಿಲ್ಲ. ಆ ದಂಡೆಯಲ್ಲಿ ಯಾತ್ರಿಕರು ನಿಂತು ನೋಡಿದರು, ಈ ದಂಡೆಯಲ್ಲಿ ತಾಳೆಗರಿಯ ಕೊಡೆ ಹಿಡಿದ ಸನ್ಯಾಸಿಗಳು ನಿಂತು ನೋಡಿದರು. ಕ್ಯಾಂಡಿಯ ಜನ ಅಷ್ಟು ಕನ್ನಡವನ್ನು ಅಷ್ಟು ಜೋರಾಗಿ ಹಿಂದೆಂದೂ ಕೇಳಿರಲಿಕ್ಕಿಲ್ಲ. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಪಕ್ಕದ ಹೆಂಗಸು ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಆ ಕೂಗಾಟದ ನಡುವೆಯೇ ನಮ್ಮವರು ಕ್ಯಾಮೆರಾದ ಮುಚ್ಚಳ ತೆಗೆದರು, ಹಾಕಿದರು. ಅಲುಗಬೇಡಿ ಎಂದು ಹೇಳಲು ಅವರಿಗೆ ನೆನಪೂ ಆಗಲಿಲ್ಲ.

ಹುಕ್ಕೇರಿ

ಗೋಕಾಕದ ಕತ್ತಲೆ ಕೋಣೆಯಲ್ಲಿ ಆ ಪ್ಲೇಟು ತೊಳೆದಾಗ ಗೋಪುರದ ಎಂಟೂ ಮೂಲೆ, ಗೋಡೆಯ ಒಂದೊಂದು ಗೂಡು, ಗುಡ್ಡ, ಗುಡ್ಡದಿಂದ ಇಳಿಯುವ ಮಳೆ, ಎಲ್ಲ ಕೆತ್ತಿಟ್ಟಂತೆ ಬಂದಿತ್ತು. ಅಪ್ಪ ಇರಬೇಕಾದಲ್ಲಿ ಮಾತ್ರ ಒಂದು ಬಿಳಿಯ ಮಸುಕು. ಕೈ ಬೀಸಿ, ಆಚೆ ಈಚೆ ನಡೆದು, ಕೂಗಿ, ಒಂದು ಗಳಿಗೆಯೂ ನಿಂತಿರಲಿಲ್ಲ. ನಮ್ಮವರು ತಲೆ ತಗ್ಗಿಸಿಕೊಂಡೇ ಹುಕ್ಕೇರಿಗೆ ಹೋಗಿ, “ಕೆಟ್ಟೈತ್ರಿ ಮಾವಾರ. ನಿಮ್ಮ ಮುಖಾನ ಬಂದಿಲ್ಲ” ಎಂದು ಫೋಟೋ ಮುಂದಿಟ್ಟರು.

ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಚೌಕಟ್ಟು ಹಾಕಿಸಿ, ಅಂಗಡಿಯಲ್ಲಿ ತಾನು ಕೂಡುವ ಗಾದಿಯ ಮೇಲೆ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ ತೂಗುಹಾಕಿದ. ಸಂತೆಯ ದಿನ ಬಂದವರು ಕೇಳುತ್ತಾರೆ: “ಸಾವಕಾರ್ರ, ಲಂಕಾಕ್ಕ ಹೋಗಿದ್ರಂತಲ್ಲ, ಇದರಾಗ ನೀವು ಎಲ್ಲಿ ಅದೀರಿ?”

ಅಪ್ಪ ಎದ್ದು, ಆ ಬಿಳಿ ಮಸುಕಿನ ಮೇಲೆ ಬೆರಳಿಡುತ್ತಾನೆ.

“ಇದು ನೋಡ್ರಿ, ನಾ. ಅಳಿಯಂದ್ರ ಕೂಡ ಮಾತಾಡಾಕತ್ತೇನಿ.”